ಯುದ್ಧದ ಚಲಚ್ಚಿತ್ರಗಳಲ್ಲಿ ಕಾಲಯಾನ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಕೇಳದವರು ವಿರಳ. ತಡವಾಗಿ ಬಂದ ವಿವೇಕದಿಂದ ಪ್ರಯೋಜನವಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಕೊಳ್ಳೆಗಾರರು ಬಂದ ರಾತ್ರಿಯ ಹಿಂದಿನ ಸಂಜೆಗೆ ಯಾರಾದರೂ ಮರಳಿ ಹೋಗಿ, ಬಾಗಿಲಿಗೆ ಅಗುಳಿ ಹಾಕಿ ಬರುವಂತಿದ್ದರೆ ಏನಾಗುತ್ತಿತ್ತು? ಕಾಲಯಾನವನ್ನೂ ಯುದ್ಧವನ್ನೂ ಜೊತೆಗೂಡಿಸಿದ ಚಲಚ್ಚಿತ್ರಗಳು ಬಹುಮಟ್ಟಿಗೆ ಈ ಒಂದು ಪ್ರಶ್ನೆಯಿಂದಲೇ ಹುಟ್ಟಿದವು.

ಎಚ್. ಜಿ. ವೆಲ್ಸ್ ೧೮೯೫ರಲ್ಲಿ ‘ದಿ ಟೈಮ್ ಮೆಷಿನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದಾಗ, ಅವನ ಕಾಲಯಾತ್ರಿಕನು ಯುದ್ಧಭೂಮಿಗಳಲ್ಲಿ ಇಳಿಯಲಿಲ್ಲ. ಎಂಟು ಲಕ್ಷ ವರ್ಷಗಳ ಆಚೆಗೆ ಹೋಗಿ ನಿಂತನು. ೧೯೬೦ರಲ್ಲಿ ಜಾರ್ಜ್ ಪಾಲ್ ಅದೇ ಕಥೆಯನ್ನು ತೆರೆಗೆ ತಂದಾಗ ಯಾತ್ರಿಕನು ದಾರಿಯಲ್ಲಿ ೧೯೧೭ರಲ್ಲಿ ಒಮ್ಮೆ, ೧೯೪೦ರಲ್ಲಿ ಒಮ್ಮೆ, ೧೯೬೬ರಲ್ಲಿ ಮತ್ತೊಮ್ಮೆ ಯಂತ್ರವನ್ನು ನಿಲ್ಲಿಸುತ್ತಾನೆ. ಮೂರು ಸಲವೂ ಅವನಿಗೆ ಎದುರಾಗುವುದು ಯುದ್ಧವೇ. ಮೊದಲಿನ ಎರಡು ನಡೆದುಹೋದ ಮಹಾಯುದ್ಧಗಳು. ಮೂರನೆಯದು ಚಿತ್ರ ತೆಗೆದವರು ಊಹಿಸಿದ, ಪುಣ್ಯವಶಾತ್ ನಡೆಯದೆ ಉಳಿದ ಪರಮಾಣು ಯುದ್ಧ. ಎರಡು ಮಹಾಯುದ್ಧಗಳನ್ನೂ ಹಿರೋಷಿಮವನ್ನೂ ಕಂಡ ತಲೆಮಾರಿಗೆ ಕಾಲಯಂತ್ರವೆಂದೊಡನೆ ಯುದ್ಧದ ನೆನಪಾದುದು ಆಶ್ಚರ್ಯವಲ್ಲ.

ಇಂಥ ಚಿತ್ರಗಳನ್ನು ನೋಡಿ ಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳುವ ಪ್ರಶ್ನೆ ಒಂದೇ: “ಇದು ಸಾಧ್ಯವೆ?” ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಉತ್ತರ ಕೊಡುವುದು ಉಚಿತವಲ್ಲ. ಕಾಲಯಾನದಲ್ಲಿ ಎರಡು ಬಗೆಗಳುಂಟು. ಒಂದು ಮುಂದಕ್ಕೆ ಹೋಗುವುದು, ಇನ್ನೊಂದು ಹಿಂದಕ್ಕೆ ಹೋಗುವುದು. ಭೌತವಿಜ್ಞಾನವು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕೆಲವು ಚಿತ್ರಗಳನ್ನೇ ಉದಾಹರಣೆಗಳಾಗಿ ಇಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಮುಂದಕ್ಕೆ ಹೋಗುವ ದಾರಿ

೧೯೬೮ರಲ್ಲಿ ತೆರೆಕಂಡ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದಲ್ಲಿ ವ್ಯೋಮಯಾತ್ರಿಕರು ಬೆಳಕಿನ ವೇಗಕ್ಕೆ ಬಹು ಸಮೀಪವಾದ ವೇಗದಲ್ಲಿ ಪಯಣಿಸುತ್ತಾರೆ. ಅವರ ಲೆಕ್ಕದಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ಭೂಮಿಯ ಮೇಲೆ ಸುಮಾರು ೭೦೦ ವರ್ಷಗಳು ಸಂದಿರುತ್ತವೆ. ಕೊನೆಗೆ ಅವರ ನೌಕೆ ಯಾವುದೋ ಅನ್ಯಗ್ರಹದಲ್ಲಿ ಬಿದ್ದಂತೆ ತೋರುತ್ತದೆ. ಅದು ನಮ್ಮ ಭೂಮಿಯೇ, ಮನುಷ್ಯರು ಯುದ್ಧ ಮಾಡಿ ಹಾಳುಗೆಡವಿಕೊಂಡ ಭೂಮಿ ಎಂಬುದು ಅಂತ್ಯದಲ್ಲಿ ತಿಳಿಯುತ್ತದೆ.

ಈ ಚಿತ್ರದಲ್ಲಿ ಬರುವ ಕಾಲಯಾನಕ್ಕೆ ವಿಜ್ಞಾನದ ಒಪ್ಪಿಗೆ ಇದೆ. ಐನ್‌ಸ್ಟೈನ್ ೧೯೦೫ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ವೇಗವಾಗಿ ಚಲಿಸುವ ಗಡಿಯಾರವು ನಿಂತಿರುವ ನಮಗೆ ನಿಧಾನವಾಗಿ ನಡೆಯುವಂತೆ ಕಾಣುತ್ತದೆ. ಇದಕ್ಕೆ ಕಾಲವಿಸ್ತರಣವೆಂದು ಹೆಸರು. ನಿಧಾನವಾಗುವುದು ಗಡಿಯಾರದ ಮುಳ್ಳು ಮಾತ್ರವೇ ಅಲ್ಲ. ಅದರ ಪಕ್ಕದಲ್ಲಿ ಕುಳಿತವನ ನಾಡಿ, ಉಸಿರು, ಮುಪ್ಪು ಎಲ್ಲವೂ ಅಷ್ಟೇ ಪ್ರಮಾಣದಲ್ಲಿ ನಿಧಾನವಾಗುತ್ತವೆ.

ಇದಕ್ಕೆ ಪ್ರಮಾಣವೇನೆಂದು ಕೇಳಬಹುದು. ಹೊರ ವ್ಯೋಮದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗವನ್ನು ತಾಕಿದಾಗ ಸುಮಾರು ೧೫ ಕಿಲೋಮೀಟರು ಎತ್ತರದಲ್ಲಿ ಮ್ಯುಆನ್ ಎಂಬ ಕಣಗಳು ಹುಟ್ಟುತ್ತವೆ. ಮ್ಯುಆನಿನ ಸರಾಸರಿ ಆಯುಸ್ಸು ೨.೨ ಮೈಕ್ರೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಬೆಳಕು ಕೂಡ ೬೬೦ ಮೀಟರುಗಳಿಗಿಂತ ಹೆಚ್ಚು ದೂರ ಹೋಗಲಾರದು. ಹಾಗಿದ್ದರೆ ಮ್ಯುಆನುಗಳು ನೆಲವನ್ನು ತಲುಪುವ ಮೊದಲೇ ಸಾಲುಸಾಲಾಗಿ ನಾಶವಾಗಬೇಕಿತ್ತು. ವಸ್ತುಸ್ಥಿತಿ ಹಾಗಿಲ್ಲ. ಅವು ಈ ಕ್ಷಣದಲ್ಲಿಯೂ ನಮ್ಮ ಮೈಯನ್ನು ಹಾಯ್ದು ಹೋಗುತ್ತಿವೆ. ಬೆಳಕಿನ ವೇಗದ ೧೦೦ಕ್ಕೆ ೯೯.೮ ಭಾಗದಷ್ಟು ವೇಗದಲ್ಲಿ ಓಡುವ ಮ್ಯುಆನಿನ ಆಯುಸ್ಸು ನಮ್ಮ ಗಡಿಯಾರದಲ್ಲಿ ಸುಮಾರು ೧೬ ಪಟ್ಟು ಹಿಗ್ಗುತ್ತದೆ. ಆದ ಕಾರಣ ಅದು ಹತ್ತು ಕಿಲೋಮೀಟರುಗಳಿಗೂ ಹೆಚ್ಚು ದೂರ ಸಾಗಬಲ್ಲದು. ಇನ್ನೂ ಹೆಚ್ಚು ಶಕ್ತಿಯುಳ್ಳ ಮ್ಯುಆನುಗಳು ನೆಲವನ್ನೂ ಕೊರೆದು ಆಳಕ್ಕೆ ಇಳಿಯುತ್ತವೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಕೋಲಾರದ ಚಿನ್ನದ ಗಣಿಗಳ ಬೇರೆಬೇರೆ ಆಳಗಳಲ್ಲಿ ಉಪಕರಣಗಳನ್ನಿಟ್ಟು ೧೯೫೦ರ ದಶಕದಿಂದ ಅಳೆದುದು ಈ ಕಣಗಳನ್ನೇ. ಮ್ಯುಆನುಗಳು ಬಹು ವಿರಳವಾದ ಎರಡು ಕಿಲೋಮೀಟರುಗಳಿಗೂ ಮಿಗಿಲಾದ ಆಳದಲ್ಲಿ, ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತೂ ಅಲ್ಲಿ ದೊರೆಯಿತು.

ಮನುಷ್ಯನು ನಿರ್ಮಿಸಿದ ಗಡಿಯಾರಗಳೂ ಇದೇ ಸಾಕ್ಷ್ಯವನ್ನು ಹೇಳುತ್ತವೆ. ೧೯೭೧ರಲ್ಲಿ ಹ್ಯಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ನಾಲ್ಕು ಸೀಸಿಯಮ್ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿಯನ್ನು ಸುತ್ತಿದರು. ನೆಲದ ಮೇಲಿನ ಗಡಿಯಾರಕ್ಕೆ ಹೋಲಿಸಿದರೆ, ಪೂರ್ವದ ಕಡೆಗೆ ಸುತ್ತಿ ಬಂದಾಗ ಅವು ಸರಾಸರಿ ೫೯ ನ್ಯಾನೊಸೆಕೆಂಡು ಹಿಂದೆ ಬಿದ್ದಿದ್ದವು. ಪಶ್ಚಿಮದ ಕಡೆಗೆ ಸುತ್ತಿ ಬಂದಾಗ ೨೭೩ ನ್ಯಾನೊಸೆಕೆಂಡು ಮುಂದೆ ಹೋಗಿದ್ದವು. ವೇಗ, ಗುರುತ್ವ ಎರಡರ ಪರಿಣಾಮವನ್ನೂ ಸೇರಿಸಿ ಮಾಡಿದ ಲೆಕ್ಕಕ್ಕೆ ಇದು ಹೊಂದಿಕೊಂಡಿತು.

ಅಮೆರಿಕದ ರಕ್ಷಣಾ ಇಲಾಖೆ ಸೈನ್ಯದ ಉಪಯೋಗಕ್ಕಾಗಿ ೧೯೭೮ರಿಂದ ಹಾರಿಸತೊಡಗಿದ ಜಿ. ಪಿ. ಎಸ್. ಉಪಗ್ರಹಗಳಲ್ಲಿಯೂ ಈ ತಿದ್ದುಪಡಿ ಅನಿವಾರ್ಯವಾಯಿತು. ವೇಗದ ದೆಸೆಯಿಂದ ಆ ಗಡಿಯಾರಗಳು ದಿನಕ್ಕೆ ೭ ಮೈಕ್ರೊಸೆಕೆಂಡು ಹಿಂದೆ ಬೀಳುತ್ತವೆ. ಎತ್ತರದಲ್ಲಿ ಗುರುತ್ವ ಕಡಿಮೆಯಾದುದರಿಂದ ೪೫ ಮೈಕ್ರೊಸೆಕೆಂಡು ಮುಂದೆ ಹೋಗುತ್ತವೆ. ಉಳಿಯುವ ವ್ಯತ್ಯಾಸ ದಿನಕ್ಕೆ ೩೮ ಮೈಕ್ರೊಸೆಕೆಂಡು. ಇಷ್ಟು ಕಾಲದಲ್ಲಿ ಬೆಳಕು ೧೧ ಕಿಲೋಮೀಟರುಗಳಿಗೂ ಹೆಚ್ಚು ಚಲಿಸುತ್ತದೆಯಾಗಿ, ರೇಡಿಯೊ ಅಲೆಗಳ ಪ್ರಯಾಣಕಾಲದಿಂದ ದೂರವನ್ನು ಅಳೆಯುವ ಏರ್ಪಾಟು ಇದನ್ನು ಅಲಕ್ಷಿಸುವಂತಿಲ್ಲ. ಇಂದು ನಮ್ಮ ಕೈಯಲ್ಲಿರುವ ಫೋನು ದಾರಿ ತೋರಿಸುವಾಗಲೆಲ್ಲ ಸಾಪೇಕ್ಷತೆಯ ಈ ಲೆಕ್ಕ ಹಿನ್ನೆಲೆಯಲ್ಲಿ ನಡೆದೇ ಇರುತ್ತದೆ.

ಹೀಗೆ ಮುಂದಕ್ಕೆ ಹೋಗುವ ದಾರಿ ತೆರೆದೇ ಇದೆ. ಆದರೆ ಸುಂಕ ವಿಪರೀತ. ಆರು ತಿಂಗಳಲ್ಲಿ ೭೦೦ ವರ್ಷಗಳನ್ನು ದಾಟಬೇಕಾದರೆ ಕಾಲವು ೧,೪೦೦ ಪಟ್ಟು ವಿಸ್ತರಿಸಬೇಕು. ಅದಕ್ಕೆ ನೌಕೆಯ ವೇಗ ಬೆಳಕಿನ ವೇಗದ ೧೦೦ಕ್ಕೆ ೯೯.೯೯೯೯೭ ಭಾಗವಾಗಬೇಕು. ಕೇವಲ ೫ ಕಿಲೋಗ್ರಾಂ ತೂಕದ ಒಂದು ಕೈಚೀಲವನ್ನು ಆ ವೇಗಕ್ಕೆ ಏರಿಸಲು ಬೇಕಾಗುವ ಶಕ್ತಿಯಲ್ಲಿ ಇಂದಿನ ಇಡೀ ಜಗತ್ತು ಸುಮಾರು ಒಂದು ವರ್ಷ ಜೀವನ ನಡೆಸಬಹುದು. ಇನ್ನೊಂದು ಸಂಗತಿಯನ್ನೂ ಮರೆಯಕೂಡದು: ಹೀಗೆ ಹೋದವನು ಹಿಂದಿರುಗಲಾರ. ಭಾಗವತದಲ್ಲಿ ಕಕುದ್ಮಿ ರಾಜನು ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳು ಉರುಳಿದ್ದವಷ್ಟೆ. ಅವನು ಬಿಟ್ಟುಹೋದ ಕಾಲ ಅವನಿಗೆ ಮತ್ತೆ ದೊರೆಯಲಿಲ್ಲ. ಚಿತ್ರದ ಯಾತ್ರಿಕನ ಸ್ಥಿತಿಯೂ ಅದೇ. ಯುದ್ಧದ ಪರಿಣಾಮವನ್ನು ಅವನು ಕಾಣಬಲ್ಲ, ತಡೆಯಲಾರ.

ಹಿಂದಕ್ಕೆ ಹೋಗುವ ದಾರಿ

ಯುದ್ಧವನ್ನು ತಡೆಯಬೇಕಾದರೆ ಹಿಂದಕ್ಕೆ ಹೋಗಬೇಕು. ೧೯೮೦ರ ‘ದಿ ಫೈನಲ್ ಕೌಂಟ್‌ಡೌನ್’ ಚಿತ್ರದ ಕಥೆ ಇದು. ಅಮೆರಿಕದ ‘ನಿಮಿಟ್ಜ್’ ಎಂಬ ಪರಮಾಣುಶಕ್ತಿಯ ವಿಮಾನವಾಹಕ ನೌಕೆ ಹವಾಯಿಯ ಸಮೀಪದಲ್ಲಿ ಒಂದು ವಿಚಿತ್ರವಾದ ಬಿರುಗಾಳಿಗೆ ಸಿಕ್ಕಿ ೧೯೪೧ನೆಯ ಇಸವಿಯ ಡಿಸೆಂಬರ್ ೬ಕ್ಕೆ ಹೋಗಿ ಸೇರುತ್ತದೆ. ಮರುದಿನ ಬೆಳಗ್ಗೆ ಜಪಾನಿನ ಆರು ವಿಮಾನವಾಹಕ ನೌಕೆಗಳಿಂದ ಎದ್ದ ವಿಮಾನಗಳು ಪರ್ಲ್ ಹಾರ್ಬರನ್ನು ಹೊಡೆಯಲಿವೆ. ೨,೪೦೩ ಮಂದಿ ಅಮೆರಿಕನ್ನರು ಸಾಯಲಿದ್ದಾರೆ. ನೌಕೆಯ ನಾಯಕನಿಗೆ ಇದೆಲ್ಲವೂ ಗೊತ್ತು. ತಡೆಯುವ ಬಲವೂ ಅವನಲ್ಲಿ ಧಾರಾಳವಾಗಿದೆ. ಅವನು ವಿಮಾನಗಳನ್ನು ಕಳುಹಿಸುತ್ತಾನೆ. ಆದರೆ ಅವು ಶತ್ರುವನ್ನು ಮುಟ್ಟುವ ಮೊದಲೇ ಬಿರುಗಾಳಿ ಮರಳಿ ಬಂದು ನೌಕೆ ತನ್ನ ಕಾಲಕ್ಕೆ ಹಿಂದಿರುಗುತ್ತದೆ. ಇತಿಹಾಸ ಇದ್ದಂತೆಯೇ ಉಳಿಯುತ್ತದೆ.

ಇಲ್ಲಿ ಭೌತವಿಜ್ಞಾನಿಯು ಕೇಳುವ ಮೊದಲ ಪ್ರಶ್ನೆ ಶಕ್ತಿಯ ನಿತ್ಯತೆಯದು. ಆ ನೌಕೆಯ ತೂಕ ಸುಮಾರು ೯೦,೦೦೦ ಟನ್ನು. ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಅದಕ್ಕೆ ಸಮನಾದ ಶಕ್ತಿ ಬರುತ್ತದೆ. ಹಿರೋಷಿಮವನ್ನು ಸುಟ್ಟ ಬಾಂಬಿನಲ್ಲಿ ಶಕ್ತಿಯಾಗಿ ಮಾರ್ಪಟ್ಟ ದ್ರವ್ಯ ಒಂದು ಗ್ರಾಮಿಗಿಂತ ಕಡಿಮೆ. ಇಡೀ ನೌಕೆಗೆ ಸಮನಾದ ಶಕ್ತಿಯೋ ಈಗಿನ ಜಗತ್ತಿನ ಖರ್ಚಿಗೆ ಹದಿಮೂರು ಸಾವಿರ ವರ್ಷಗಳಿಗೆ ಸಾಲುವಷ್ಟು. ಇಷ್ಟೊಂದು ಶಕ್ತಿ ೧೯೮೦ರ ಲೆಕ್ಕದಿಂದ ಇದ್ದಕ್ಕಿದ್ದಂತೆ ಮಾಯವಾಗಿ ೧೯೪೧ರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸೇರಿಕೊಂಡರೆ, ಜಮಾ ಖರ್ಚು ಸರಿಹೋಗುವುದು ಹೇಗೆ?

ಆದರೂ ಹಿಂದಕ್ಕೆ ಹೋಗುವ ದಾರಿ ಸಮೀಕರಣಗಳಲ್ಲಿ ಒಮ್ಮೆಲೇ ಮುಚ್ಚಿಲ್ಲವೆಂಬುದು ಸ್ವಾರಸ್ಯದ ವಿಷಯ. ಕರ್ಟ್ ಗೋಡೆಲ್ ಎಂಬ ತರ್ಕಶಾಸ್ತ್ರಜ್ಞನು ೧೯೪೯ರಲ್ಲಿ ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತೆಯ ಸಮೀಕರಣಗಳಿಗೆ ಒಂದು ಹೊಸ ಪರಿಹಾರವನ್ನು ಕಂಡುಹಿಡಿದನು. ಇಡೀ ವಿಶ್ವವೇ ಸುತ್ತುತ್ತಿದ್ದರೆ, ಮುಂದಕ್ಕೇ ಸಾಗುತ್ತ ಹೋದವನು ತನ್ನ ಭೂತಕಾಲವನ್ನು ಬಂದು ಸೇರುವ ಮಾರ್ಗಗಳು ಅದರಲ್ಲಿ ಇರುತ್ತವೆ. ನಮ್ಮ ವಿಶ್ವ ಹಾಗೆ ಸುತ್ತುತ್ತಿರುವ ಸೂಚನೆ ವೀಕ್ಷಣೆಗಳಲ್ಲಿ ಕಂಡಿಲ್ಲ. ೧೯೮೮ರಲ್ಲಿ ಕಿಪ್ ಥಾರ್ನ್ ಮತ್ತು ಅವರ ಇಬ್ಬರು ಸಂಗಡಿಗರು, ವ್ಯೋಮದ ಎರಡು ಎಡೆಗಳನ್ನು ಜೋಡಿಸುವ ವರ್ಮ್‌ಹೋಲ್ ಎಂಬ ಸುರಂಗವೊಂದು ಇದ್ದರೆ ಅದನ್ನು ಕಾಲಯಂತ್ರವಾಗಿ ಮಾರ್ಪಡಿಸಬಹುದೆಂದು ತೋರಿಸಿದರು. ಆದರೆ ಸುರಂಗ ಕುಸಿಯದಂತೆ ಹಿಡಿದಿಡಲು ಋಣ ಶಕ್ತಿಯುಳ್ಳ ದ್ರವ್ಯ ಬೇಕು. ಅಷ್ಟು ಪ್ರಮಾಣದಲ್ಲಿ ಅದು ಎಲ್ಲಿಯೂ ಸಿಕ್ಕಿಲ್ಲ. ಇದಲ್ಲದೆ, ಇಂಥ ಯಂತ್ರದಲ್ಲಿ ಅದು ಸಿದ್ಧವಾದ ದಿನಕ್ಕಿಂತ ಹಿಂದಕ್ಕೆ ಹೋಗಲು ಬರುವುದಿಲ್ಲ. ಇಂದು ಯಾರಾದರೂ ಅದನ್ನು ಕಟ್ಟಿದರೂ ೧೯೪೧ರ ಬಾಗಿಲು ನಮಗೆ ತೆರೆಯದು.

ಸ್ಟೀಫನ್ ಹಾಕಿಂಗ್ ೧೯೯೨ರಲ್ಲಿ, ಪ್ರಕೃತಿಯ ನಿಯಮಗಳೇ ಕಾಲಕ್ರಮವನ್ನು ಕಾಪಾಡುತ್ತವೆ, ಕಾಲಯಂತ್ರ ಸಿದ್ಧವಾಗುವ ಕ್ಷಣದಲ್ಲಿಯೇ ಅದು ಕೆಡುತ್ತದೆ ಎಂಬ ಊಹೆಯನ್ನು ಮುಂದಿಟ್ಟರು. ೨೦೦೯ರ ಜೂನ್ ೨೮ರಂದು ಅವರು ಕೇಂಬ್ರಿಜಿನಲ್ಲಿ ಕಾಲಯಾತ್ರಿಕರಿಗಾಗಿ ಒಂದು ಔತಣವನ್ನು ಏರ್ಪಡಿಸಿ, ಔತಣ ಮುಗಿದ ಮೇಲೆ ಆಹ್ವಾನವನ್ನು ಪ್ರಕಟಿಸಿದರು. ಒಬ್ಬರೂ ಬಂದಿರಲಿಲ್ಲ! ಇದು ವಿನೋದವೇ ಹೊರತು ಸಿದ್ಧಾಂತದ ರುಜುವಾತಲ್ಲ. ಹಾಕಿಂಗರ ಊಹೆ ಇನ್ನೂ ಊಹೆಯಾಗಿಯೇ ಇದೆ.

ಕದಲದ ಭೂತಕಾಲ

ಒಂದು ವೇಳೆ ಹಿಂದಕ್ಕೆ ಹೋದರೂ, ನಡೆದುದನ್ನು ಬದಲಾಯಿಸಬಹುದೆ? ಇದಕ್ಕೆ ಚಿತ್ರಗಳು ಬಗೆಬಗೆಯ ಉತ್ತರಗಳನ್ನು ಕೊಟ್ಟಿವೆ.

ಫ್ರಾನ್ಸಿನ ಕ್ರಿಸ್ ಮಾರ್ಕರ್ ೧೯೬೨ರಲ್ಲಿ ‘ಲಾ ಜತೆ’ ಎಂಬ ೨೮ ನಿಮಿಷಗಳ ಚಿತ್ರವನ್ನು ಬಹುತೇಕ ಸ್ಥಿರಚಿತ್ರಗಳನ್ನೇ ಜೋಡಿಸಿ ಮಾಡಿದರು. ಮೂರನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ. ಉಳಿದವರು ನೆಲದಡಿಯಲ್ಲಿ ಬದುಕುತ್ತಿದ್ದಾರೆ. ಸೆರೆಯಾಳೊಬ್ಬನನ್ನು ಭೂತಕಾಲಕ್ಕೆ ಕಳುಹಿಸುತ್ತಾರೆ. ಅವನು ಬಾಲ್ಯದಲ್ಲಿ ಓರ್ಲಿ ವಿಮಾನನಿಲ್ದಾಣದಲ್ಲಿ ಯಾರೋ ಒಬ್ಬನು ಸಾಯುವುದನ್ನು ಕಂಡಿದ್ದನು. ಆ ಸಾವು ತನ್ನದೇ ಎಂಬುದು ಅವನಿಗೆ ತಿಳಿಯುವುದು ಕಟ್ಟಕಡೆಯ ಕ್ಷಣದಲ್ಲಿ. ಇಲ್ಲಿ ಏನೂ ಬದಲಾಗುವುದಿಲ್ಲ. ಯಾತ್ರೆಯೇ ಮೊದಲಿನಿಂದಲೂ ಇತಿಹಾಸದ ಒಂದು ಭಾಗವಾಗಿತ್ತು. ೧೯೮೪ರ ‘ದಿ ಟರ್ಮಿನೇಟರ್’ ಚಿತ್ರವೂ ಈ ಜಾತಿಗೆ ಸೇರಿದ್ದು. ರಕ್ಷಣೆಗಾಗಿ ನಿರ್ಮಿಸಿದ ಗಣಕಯಂತ್ರವೊಂದು ಪರಮಾಣು ಯುದ್ಧವನ್ನು ಹೂಡಿ ಮನುಷ್ಯಕುಲವನ್ನು ಅಳಿಸಹೊರಟಿದೆ. ಅದನ್ನು ಎದುರಿಸುವ ನಾಯಕನು ಹುಟ್ಟದಂತೆ ಮಾಡಲು ಅದು ೨೦೨೯ರಿಂದ ಒಬ್ಬ ಯಂತ್ರಮಾನವನನ್ನು ಹಿಂದಕ್ಕೆ ಕಳುಹಿಸುತ್ತದೆ. ಅವನನ್ನು ತಡೆಯಲು ಬಂದ ಸೈನಿಕನೇ ಆ ನಾಯಕನ ತಂದೆಯಾಗುತ್ತಾನೆ. ಕೊಲ್ಲಲು ಮಾಡಿದ ಉಪಾಯವೇ ಹುಟ್ಟಿಗೆ ಕಾರಣವಾಯಿತು.

ಭೌತವಿಜ್ಞಾನದಲ್ಲಿ ಇದಕ್ಕೆ ಸಮೀಪವಾದ ವಿಚಾರವನ್ನು ೧೯೮೦ರ ದಶಕದಲ್ಲಿ ರಷ್ಯದ ಇಗೊರ್ ನೋವಿಕೊವ್ ಮಂಡಿಸಿದರು. ಒಂದು ಬಿಲಿಯರ್ಡ್ಸ್ ಚೆಂಡು ಕಾಲಸುರಂಗವನ್ನು ಹೊಕ್ಕು, ತುಸು ಹಿಂದಿನ ಕಾಲಕ್ಕೆ ಹೊರಬಂದು, ಸುರಂಗದ ಕಡೆಗೆ ಬರುತ್ತಿರುವ ತನ್ನನ್ನೇ ಹೊಡೆದು ದಾರಿ ತಪ್ಪಿಸಿತೆಂದು ಭಾವಿಸಿ. ದಾರಿ ತಪ್ಪಿದರೆ ಅದು ಸುರಂಗವನ್ನು ಹೊಗಲಿಲ್ಲ, ಹೊಗದಿದ್ದರೆ ಹೊಡೆದವರಾರು? ಇಂಥ ವಿರೋಧ ಬರುವ ಘಟನೆಗಳು ನಡೆಯವು, ವಿರೋಧವಿಲ್ಲದವು ಮಾತ್ರ ನಡೆಯುತ್ತವೆ ಎಂಬುದು ನೋವಿಕೊವರ ತತ್ತ್ವ. ಹಿಂದೆ ಬಂದ ಚೆಂಡು ಮೊದಲ ಚೆಂಡನ್ನು ಓರೆಯಾಗಿ ಸವರಿ, ಆ ಸವರುವಿಕೆಯಿಂದಲೇ ಅದು ಸುರಂಗವನ್ನು ಹೊಗುವಂತೆ ಮಾಡಬಹುದು. ಲೆಕ್ಕ ಹಾಕಿ ನೋಡಿದಾಗ ಇಂಥ ಪರಿಹಾರಗಳು ನಿಜವಾಗಿಯೂ ದೊರೆತವು. ಈ ತತ್ತ್ವ ಸರಿಯಾದರೆ, ‘ನಿಮಿಟ್ಜ್’ ನೌಕೆಯ ವಿಮಾನಗಳು ಎಂದಿಗೂ ಗುರಿ ಮುಟ್ಟಲಾರವು. ೨,೪೦೩ ಮಂದಿಯ ಸಾವನ್ನು ಯಾವ ಬಲವೂ ಅಳಿಸಲಾರದು.

ಕವಲೊಡೆಯುವ ಜಗತ್ತು

೧೯೯೧ರಲ್ಲಿ ಬಂದ ಟರ್ಮಿನೇಟರಿನ ಎರಡನೆಯ ಚಿತ್ರ ಬೇರೆಯ ಹಾದಿ ಹಿಡಿಯಿತು. ಅದರಲ್ಲಿ, ಮೊದಲನೆಯ ಯಂತ್ರಮಾನವನ ಅವಶೇಷದಲ್ಲಿ ಸಿಕ್ಕ ಚಿಪ್ಪನ್ನು ಅಭ್ಯಾಸ ಮಾಡಿಯೇ ಆ ಯುದ್ಧಕೋರ ಗಣಕಯಂತ್ರದ ನಿರ್ಮಾಣ ಸಾಗಿರುತ್ತದೆ. ಹಾಗಾದರೆ ಆ ವಿದ್ಯೆಯನ್ನು ಮೊದಲು ಕಂಡುಹಿಡಿದವರು ಯಾರು? ಯಾರೂ ಇಲ್ಲ! ಮೂಲವೇ ಇಲ್ಲದ ವಿದ್ಯೆ ಕಾಲಚಕ್ರದಲ್ಲಿ ಸುತ್ತುತ್ತಿದೆ. ಕಥೆಯ ನಾಯಕರು ಆ ಚಿಪ್ಪನ್ನು ನಾಶಮಾಡಿ ಯುದ್ಧವನ್ನು ತಪ್ಪಿಸಲು ಹೊರಡುತ್ತಾರೆ. ಭೂತಕಾಲದಲ್ಲಿ ಕೈಯಾಡಿಸಿದರೆ ಮುಂದಿನ ಜಗತ್ತು ಬೇರೆಯಾಗುತ್ತದೆಂಬುದು ಇಲ್ಲಿನ ಗೃಹೀತ.

ಇದನ್ನು ವಿರೋಧವಿಲ್ಲದೆ ಹೇಳಬೇಕಾದರೆ, ಹಳೆಯ ಜಗತ್ತು ಹಾಗೆಯೇ ಉಳಿದು, ಹೊಸದೊಂದು ಕವಲು ಒಡೆಯುತ್ತದೆ ಎನ್ನಬೇಕಾಗುತ್ತದೆ. ಕ್ವಾಂಟಮ್ ವಿಜ್ಞಾನದಲ್ಲಿ ಇಂಥ ಕವಲುಗಳ ವಿಚಾರವನ್ನು ೧೯೫೭ರಲ್ಲಿ ಮುಂದಿಟ್ಟವನು ಹ್ಯೂ ಎವರೆಟ್ ಎಂಬ ಅಮೆರಿಕದ ತರುಣ. ಅಳತೆಯೊಂದಕ್ಕೆ ಎಷ್ಟು ಫಲಿತಾಂಶಗಳು ಸಾಧ್ಯವೋ ಅವೆಲ್ಲವೂ ಬೇರೆಬೇರೆ ಕವಲುಗಳಲ್ಲಿ ನಿಜವಾಗುತ್ತವೆ ಎಂಬುದು ಅವನ ಅರ್ಥವಿವರಣೆ. ಇದನ್ನು ಕಾಲಯಾನಕ್ಕೆ ಅನ್ವಯಿಸಿದವರು ೧೯೯೧ರಲ್ಲಿ ಡೇವಿಡ್ ಡಾಯ್ಚ್. ಎಲ್ಲ ಭೌತವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ.

ಎವರೆಟ್ಟನ ಬಾಳಿನ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಅವನು ತನ್ನ ಪ್ರಬಂಧ ಪ್ರಕಟವಾಗುವ ಮೊದಲೇ, ೧೯೫೬ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯ ಅಸ್ತ್ರಮೌಲ್ಯಮಾಪನ ವಿಭಾಗವನ್ನು ಸೇರಿ ಪರಮಾಣು ಯುದ್ಧದ ಲೆಕ್ಕಗಳಲ್ಲಿ ತೊಡಗಿದನು. ದೊಡ್ಡ ಪ್ರಮಾಣದ ಪರಮಾಣು ದಾಳಿಯಾದರೆ ವಿಕಿರಣದ ಧೂಳಿಯಿಂದ ಎಷ್ಟು ಜನ ಸಾಯುತ್ತಾರೆಂಬುದನ್ನು ಅವನೂ ಜಾರ್ಜ್ ಪ್ಯೂ ಎಂಬ ಸಹೋದ್ಯೋಗಿಯೂ ೧೯೫೯ರ ಒಂದು ವರದಿಯಲ್ಲಿ ಅಂದಾಜು ಮಾಡಿದರು. ಲೈನಸ್ ಪೌಲಿಂಗ್ ೧೯೬೩ರಲ್ಲಿ ತಮ್ಮ ನೊಬೆಲ್ ಶಾಂತಿ ಭಾಷಣದಲ್ಲಿ ಆ ಕೆಲಸವನ್ನು ಹೆಸರಿಸಿದ್ದಾರೆ. ಅಸಂಖ್ಯಾತ ಜಗತ್ತುಗಳನ್ನು ಕಲ್ಪಿಸಿದವನು ತನ್ನ ಉದ್ಯೋಗದಲ್ಲಿ ಎಣಿಸಬೇಕಾಗಿದ್ದುದು ಈ ಒಂದು ಜಗತ್ತಿನ ಸಾವುಗಳನ್ನು. ಕವಲುಗಳ ಸಿದ್ಧಾಂತವನ್ನು ಒಪ್ಪಿದರೂ ಸಮಾಧಾನ ದೊರೆಯದು. ಹೊಸ ಕವಲಿನಲ್ಲಿ ಜನ ಬದುಕಿಕೊಂಡರೂ, ಹಳೆಯ ಕವಲಿನಲ್ಲಿ ಸತ್ತವರು ಸತ್ತೇ ಇರುತ್ತಾರಷ್ಟೆ.

ಕಾಲದ ಬಾಣ

೨೦೨೦ರಲ್ಲಿ ಕ್ರಿಸ್ಟೋಫರ್ ನೋಲನ್ ತೆಗೆದ ‘ಟೆನೆಟ್’ ಚಿತ್ರದಲ್ಲಿ ಕಾಲಯಾನದ ರೀತಿಯೇ ಬೇರೆ. ಒಂದು ಯಂತ್ರದ್ವಾರವನ್ನು ದಾಟಿದವನು ಒಮ್ಮೆಲೇ ಹಿಂದಕ್ಕೆ ನೆಗೆಯುವುದಿಲ್ಲ. ಅವನ ಎಂಟ್ರೊಪಿ ತಿರುವುಮುರುವಾಗಿ, ಹಿಂದಕ್ಕೆ ಹರಿಯುವ ಕಾಲದಲ್ಲಿ ಅವನು ನಿಮಿಷಕ್ಕೆ ನಿಮಿಷದಂತೆ ಬದುಕಬೇಕು. ಕೊನೆಯ ಕಾಳಗದಲ್ಲಿ ಒಂದು ಪಡೆ ಮುಂದಕ್ಕೂ ಇನ್ನೊಂದು ಪಡೆ ಹಿಂದಕ್ಕೂ ಚಲಿಸಿ, ಹತ್ತು ನಿಮಿಷಗಳ ಅವಧಿಯನ್ನು ಇಕ್ಕಳದಂತೆ ಎರಡು ಕಡೆಯಿಂದ ಹಿಡಿಯುತ್ತವೆ. ಯುದ್ಧದ ಅನುಭವ ಯುದ್ಧಕ್ಕೆ ಮೊದಲೇ ದೊರೆಯಬೇಕೆಂಬ ಸೇನಾಪತಿಗಳ ಹಳೆಯ ಬಯಕೆ ಇಲ್ಲಿ ರೂಪ ತಾಳಿದೆ. ಈ ವಿದ್ಯೆಯನ್ನು ಕಂಡುಹಿಡಿದ ಭವಿಷ್ಯದ ವಿಜ್ಞಾನಿಯು ಅದರ ಪರಿಣಾಮಕ್ಕೆ ಹೆದರಿ ಅದನ್ನು ಭೂತಕಾಲದಲ್ಲಿ ಬಚ್ಚಿಟ್ಟ ಕಥೆಯನ್ನು, ಡಿಂಪಲ್ ಕಪಾಡಿಯ ಅಭಿನಯಿಸಿದ ಪಾತ್ರ ಆಪನ್‌ಹೈಮರನ ಹೆಸರೆತ್ತಿ ಹೇಳುತ್ತದೆ.

ಎಂಟ್ರೊಪಿ ಎಂದರೆ ಅವ್ಯವಸ್ಥೆಯ ಅಳತೆಯೆಂದು ಸ್ಥೂಲವಾಗಿ ಹೇಳಬಹುದು. ನೂರು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಎಲ್ಲವೂ ತಲೆ ಮೇಲಾಗಿ ಬೀಳುವ ವಿನ್ಯಾಸ ಒಂದೇ ಒಂದು. ಸಾಧ್ಯವಾದ ಒಟ್ಟು ವಿನ್ಯಾಸಗಳಾದರೋ ೧ರ ಮುಂದೆ ೩೦ ಸೊನ್ನೆಗಳನ್ನಿಟ್ಟ ಸಂಖ್ಯೆಗೂ ಮಿಗಿಲು. ವಿಶ್ವ ಹುಟ್ಟಿದಂದಿನಿಂದ ಕಳೆದಿರುವ ಸೆಕೆಂಡುಗಳು ೪ರ ಮುಂದೆ ೧೭ ಸೊನ್ನೆಗಳಷ್ಟು ಮಾತ್ರ. ಸೆಕೆಂಡಿಗೊಮ್ಮೆ ಚಿಮ್ಮುತ್ತ ಬಂದಿದ್ದರೂ ಆ ಒಂದು ವಿನ್ಯಾಸವನ್ನು ಕಾಣುವ ಆಸೆಯಿಲ್ಲ. ನೂರು ನಾಣ್ಯಗಳಿಗೇ ಹೀಗಾದರೆ, ಸಿಡಿದುಹೋದ ಒಂದು ಕಟ್ಟಡದ ಅಣುಗಳ ಮಾತೇನು? ಅಣುಗಳ ಚಲನೆಯ ನಿಯಮಗಳು ಹಿಂದು ಮುಂದು ಎಂಬ ಭೇದವನ್ನು ಹೆಚ್ಚುಕಡಿಮೆ ಎಣಿಸುವುದಿಲ್ಲ. ಆದರೂ ಬೂದಿ ಮತ್ತೆ ಸೌದೆಯಾಗುವುದಿಲ್ಲ. ಹಾಗಾಗುವುದು ನಿಷಿದ್ಧವೆಂದಲ್ಲ, ಅದರ ಸಂಭವ ಅಷ್ಟು ಅಲ್ಪ. ಕಾಲಕ್ಕೆ ದಿಕ್ಕು ಬಂದಿರುವುದು ಈ ಕಾರಣದಿಂದ. ಇದನ್ನೇ ಕಾಲದ ಬಾಣವೆನ್ನುತ್ತಾರೆ.

ಹಿಂದಕ್ಕೆ ಚಲಿಸುವವನು ಹೊರಗಿನ ಗಾಳಿಯನ್ನು ಉಸಿರಾಡಲಾರನೆಂಬ ಸೂಕ್ಷ್ಮವನ್ನು ಚಿತ್ರ ಗಮನಿಸಿದೆ. ಬೆಳಕಿನ ವಿಷಯವನ್ನು ಅದು ಬಿಟ್ಟುಬಿಟ್ಟಿತು. ದೀಪದಿಂದ ಹೊರಟ ಬೆಳಕು ಕಣ್ಣನ್ನು ಸೇರಿದರೆ ನಮಗೆ ಕಾಣುತ್ತದೆ. ಕಾಲ ತಿರುವುಮುರುವಾದವನಿಗೆ ಬೆಳಕು ಕಣ್ಣಿನಿಂದ ಹೊರಟು ದೀಪವನ್ನು ಸೇರಬೇಕಾಗುತ್ತದೆ. ಅಂಥವನಿಗೆ ಯುದ್ಧಭೂಮಿಯೇ ಕಾಣದು, ಯುದ್ಧ ಮಾಡುವುದೆಂತು?

೨೦೧೪ರ ‘ಎಡ್ಜ್ ಆಫ್ ಟುಮಾರೊ’ ಚಿತ್ರವನ್ನೂ ಇದೇ ದೃಷ್ಟಿಯಿಂದ ಪರೀಕ್ಷಿಸಬಹುದು. ಅನ್ಯಲೋಕದ ಜೀವ ಜಾತಿಯೊಡನೆ ನಡೆಯುವ ಯುದ್ಧದಲ್ಲಿ ಸೈನಿಕನೊಬ್ಬನು ಫ್ರಾನ್ಸಿನ ಕಡಲತೀರದಲ್ಲಿ ಸಾಯುತ್ತಾನೆ. ಸತ್ತೊಡನೆ ಹಿಂದಿನ ದಿನದಲ್ಲಿ ಎಚ್ಚರಗೊಳ್ಳುತ್ತಾನೆ. ಜಗತ್ತಿನಲ್ಲಿ ಎಲ್ಲವೂ ಮೊದಲಿನಂತಾದರೂ ಅವನ ನೆನಪು ಮಾತ್ರ ಅಳಿಯುವುದಿಲ್ಲ. ನೆನಪೆಂಬುದು ಮಿದುಳಿನ ಕಣಗಳ ಒಂದು ಭೌತಿಕ ವಿನ್ಯಾಸ. ಎಲ್ಲವೂ ಹಿಂದಿನ ಸ್ಥಿತಿಗೆ ಮರಳಿದರೆ ಅದೂ ಮರಳಬೇಕು. ಹಾಗಾಗದೆ ಉಳಿಯಿತೆಂದರೆ, ಭವಿಷ್ಯದಿಂದ ಭೂತಕಾಲಕ್ಕೆ ಒಂದು ಸಂದೇಶ ಬಂದಿತೆಂದೇ ಅರ್ಥ. ವಿಚಾರಿಸಿ ನೋಡಿದರೆ ಈ ಎಲ್ಲ ಚಿತ್ರಗಳೂ ಬೇಡುವುದು ನೌಕೆಯನ್ನೂ ಅಲ್ಲ, ಸೈನಿಕನನ್ನೂ ಅಲ್ಲ. ಅಪಾಯ ಬರುತ್ತಿದೆ ಎಂಬ ಒಂದು ಸುದ್ದಿಯನ್ನು.

ಅಪಾಯಕ್ಕಿಂತ ಮುಂದೆ ಓಡುವ ಬೆಳಕು

ಅಂಥ ಸುದ್ದಿಯನ್ನು ತರುವ ಸಾಧನವೊಂದು ನಮ್ಮಲ್ಲಿ ಈಗಲೇ ಇದೆ. ಅದಕ್ಕೆ ಕಾಲವನ್ನು ಹಿಂದಕ್ಕೆ ತಿರುಗಿಸಬೇಕಾಗಿಲ್ಲ. ಅಪಾಯವು ನಿಧಾನವಾಗಿ ಬರುತ್ತದೆ, ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಇವೆರಡರ ನಡುವಣ ಅಂತರವೇ ನಮಗೆ ದೊರೆಯುವ ಕಾಲಾವಕಾಶ. ರಾಡಾರಿನ ತತ್ತ್ವವೂ ಇದೇ.

೧೯೪೧ರ ಡಿಸೆಂಬರ್ ೭ರ ಬೆಳಗ್ಗೆ ೭ ಗಂಟೆ ೨ ನಿಮಿಷಕ್ಕೆ ಹವಾಯಿಯ ಓಪಾನಾ ಎಂಬಲ್ಲಿದ್ದ ರಾಡಾರಿನಲ್ಲಿ, ೨೦೦ ಕಿಲೋಮೀಟರುಗಳಿಗೂ ಆಚೆಯಿಂದ ದೊಡ್ಡದೊಂದು ವಿಮಾನಸಮೂಹ ಬರುತ್ತಿರುವುದು ಕಾಣಿಸಿತು. ಅಲ್ಲಿದ್ದ ಇಬ್ಬರು ಸೈನಿಕರು ಸುದ್ದಿ ಕಳುಹಿಸಿದರು. ಆ ಹೊತ್ತಿಗೆ ಅಮೆರಿಕದ್ದೇ ಬಾಂಬರ್ ವಿಮಾನಗಳು ಬರಬೇಕಾಗಿದ್ದುದರಿಂದ, ಚಿಂತಿಸಬೇಕಾಗಿಲ್ಲವೆಂದು ಅಧಿಕಾರಿಯ ಉತ್ತರ ಬಂದಿತು. ಮುಕ್ಕಾಲು ಗಂಟೆಯ ಮೇಲೆ ಬಾಂಬುಗಳು ಬಿದ್ದವು. ಚಿತ್ರದಲ್ಲಿ ‘ನಿಮಿಟ್ಜ್’ ನೌಕೆ ೩೯ ವರ್ಷಗಳನ್ನು ಹಾರಿ ತಂದ ಸುದ್ದಿ, ಆ ದಿನ ಯಾವ ಬಿರುಗಾಳಿಯ ನೆರವೂ ಇಲ್ಲದೆ ಬಂದೇ ಇತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ಘಟನೆಯುಂಟು. ೧೯೮೩ರ ಸೆಪ್ಟೆಂಬರ್ ೨೬ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸೋವಿಯತ್ ಒಕ್ಕೂಟದ ಎಚ್ಚರಿಕೆಯ ಉಪಗ್ರಹಗಳು ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿತೆಂದೂ, ಆಮೇಲೆ ಮತ್ತೆ ನಾಲ್ಕು ಹೊರಟವೆಂದೂ ತಿಳಿಸಿದವು. ಖಂಡಾಂತರ ಕ್ಷಿಪಣಿಯ ಪ್ರಯಾಣಕಾಲ ಸುಮಾರು ಅರ್ಧ ಗಂಟೆ. ಕಾವಲಿನಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಎಂಬ ಅಧಿಕಾರಿ ಯೋಚಿಸಿದನು. ನಿಜವಾದ ದಾಳಿಯಾದರೆ ಬರಿಯ ಐದು ಕ್ಷಿಪಣಿಗಳಿಂದ ಮೊದಲಾಗದು. ನೆಲದ ರಾಡಾರುಗಳೂ ಅದನ್ನು ದೃಢಪಡಿಸುತ್ತಿಲ್ಲ. ಇದು ಹುಸಿ ಎಚ್ಚರಿಕೆಯೆಂದು ಅವನು ಮೇಲಿನವರಿಗೆ ವರದಿ ಮಾಡಿದನು. ಎತ್ತರದ ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹಗಳು ಕ್ಷಿಪಣಿಯ ಜ್ವಾಲೆಯೆಂದು ಎಣಿಸಿದ್ದವೆಂದು ಅನಂತರ ತಿಳಿಯಿತು. ಯಂತ್ರವೇ ಯುದ್ಧವನ್ನು ಹೂಡುವ ‘ದಿ ಟರ್ಮಿನೇಟರ್’ ಚಿತ್ರ ಬಂದುದು ಇದರ ಮರುವರ್ಷ. ಪೆಟ್ರೊವನ ಸಂಗತಿ ಆಗ ಹೊರಗಿನವರಾರಿಗೂ ತಿಳಿದಿರಲಿಲ್ಲ.

ಒಂದೆಡೆ ನಿಜವಾದ ಎಚ್ಚರಿಕೆಯನ್ನು ಹುಸಿಯೆಂದು ತಳ್ಳಿದರು, ಇನ್ನೊಂದೆಡೆ ಹುಸಿಯನ್ನು ಹುಸಿಯೆಂದು ಗುರುತಿಸಿದರು. ಎರಡರಲ್ಲಿಯೂ ಸುದ್ದಿಯನ್ನು ತಂದುದು ಭೌತವಿಜ್ಞಾನ. ಅದನ್ನು ತೂಗಿ ನೋಡಬೇಕಾದವನು ಮನುಷ್ಯ. ಯುದ್ಧಾಸ್ತ್ರಗಳ ವೇಗ ಹೆಚ್ಚಿದಷ್ಟೂ ಬೆಳಕಿಗೂ ಅಪಾಯಕ್ಕೂ ನಡುವಣ ಅಂತರ ಕುಗ್ಗುತ್ತದೆ, ಯೋಚಿಸುವ ಕಾಲವೂ ಕುಗ್ಗುತ್ತದೆ. ಆ ನಿರ್ಣಯವನ್ನೂ ಯಂತ್ರಕ್ಕೇ ಒಪ್ಪಿಸಿಬಿಡೋಣವೆಂಬ ಮಾತು ಈಗ ಕಥೆಯಲ್ಲಿ ಮಾತ್ರ ಕೇಳಿಬರುತ್ತಿಲ್ಲ. ಇಂದಿನ ವಿದ್ಯಾರ್ಥಿಗಳು ನಾಳೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು. ಚಲಚ್ಚಿತ್ರದ ಸೈನಿಕನಿಗೆ ಇನ್ನೊಂದು ಬೆಳಗು ದೊರೆಯುತ್ತದೆ. ನಾವು ತಿಳಿದಿರುವ ಭೌತವಿಜ್ಞಾನದಲ್ಲಿ ಹಿಂದಕ್ಕೆ ಹೋಗಿ ಕೋಟೆಯ ಬಾಗಿಲು ಹಾಕುವ ಉಪಾಯ ಕಂಡುಬಂದಿಲ್ಲವಾದುದರಿಂದ, ಹೊತ್ತಿಗೆ ಮುಂಚೆ ಹಾಕುವುದೊಂದೇ ಉಳಿದಿರುವ ದಾರಿ.

ಅಭ್ಯಾಸಕ್ಕೆ

೧. ಭೂಮಿಯು ಸೂರ್ಯನನ್ನು ಸೆಕೆಂಡಿಗೆ ೩೦ ಕಿಲೋಮೀಟರು ವೇಗದಲ್ಲಿ ಸುತ್ತುತ್ತದೆ. ಸೂರ್ಯನಿಗೆ ಹೋಲಿಸಿದಂತೆ ಇದ್ದಲ್ಲಿಯೇ ಇದ್ದುಕೊಂಡು ಒಂದು ದಿನ ಹಿಂದಕ್ಕೆ ಹೋದ ಕಾಲಯಾತ್ರಿಕನಿಂದ ಭೂಮಿ ಎಷ್ಟು ದೂರದಲ್ಲಿರುತ್ತದೆ? (ಉತ್ತರ: ಸುಮಾರು ೨೬ ಲಕ್ಷ ಕಿಲೋಮೀಟರು.)

೨. ೨೧೦ ಕಿಲೋಮೀಟರು ದೂರದಲ್ಲಿರುವ ವಿಮಾನವನ್ನು ರಾಡಾರಿನ ಅಲೆ ಮುಟ್ಟಿ ಹಿಂದಿರುಗಲು ಎಷ್ಟು ಕಾಲ ಬೇಕು? ವಿಮಾನದ ವೇಗ ಗಂಟೆಗೆ ೩೦೦ ಕಿಲೋಮೀಟರಾದರೆ ಅದು ಬಂದು ಸೇರಲು ಎಷ್ಟು ಕಾಲ ಬೇಕು? (ಉತ್ತರ: ೧.೪ ಮಿಲಿಸೆಕೆಂಡು, ೪೨ ನಿಮಿಷ.)

೩. ನೀವು ನೋಡಿದ ಕಾಲಯಾನದ ಚಿತ್ರವೊಂದನ್ನು ತೆಗೆದುಕೊಂಡು, ಅದು ಕದಲದ ಭೂತಕಾಲ, ಕವಲೊಡೆಯುವ ಜಗತ್ತು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ, ಅಥವಾ ಎರಡನ್ನೂ ಬೆರೆಸಿ ಎಡವಿದೆಯೆ ಎಂಬುದನ್ನು ಕಾರಣಸಹಿತವಾಗಿ ಬರೆಯಿರಿ.